ಸ್ಟಾರ್ಟಪ್‌ಗೆ ಮೊದಲ ಫಂಡಿಂಗ್: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಫಂಡಿಂಗ್‌ಗೆ ಓಡಾಡುತ್ತಿರುವವರ ಕಷ್ಟ ಕೇಳಿದರೆ ಎರಡೇ ಬಗೆ. ಇನ್ವೆಸ್ಟರ್ ಒಪ್ಪಿದ್ದಾರೆ, ತಿಂಗಳುಗಟ್ಟಲೆ ಕಾದರೂ ಹಣ ಬರುತ್ತಿಲ್ಲ. ಇಲ್ಲವೇ ಹಣ ಖಾತೆಗೆ ಬಂದಿದೆ, ಸಿಎ ಮಾತ್ರ ಮುಟ್ಟಬೇಡಿ ಅನ್ನುತ್ತಿದ್ದಾರೆ. ಹತ್ತಿರದಿಂದ ನೋಡಿದರೆ ಎರಡರಲ್ಲೂ ಆಗಿರುವುದು ಒಂದೇ. ಮೊದಲು ಮಾಡಬೇಕಾದ ಕೆಲಸ ಆಮೇಲೆ, ಆಮೇಲೆ ಮಾಡಬೇಕಾದ್ದು ಮೊದಲು ಆಗಿದೆ. ಅದಕ್ಕೇ ಇಲ್ಲಿ ಕೆಲಸಗಳ ಸರದಿಗೆ ಇಷ್ಟು ಒತ್ತು ಕೊಟ್ಟಿದ್ದೇನೆ.

ಇದು ಭಾರತದಲ್ಲಿ ನೋಂದಾಯಿಸಿದ ಕಂಪನಿಯ ಮೊದಲ ಸುತ್ತಿಗೆ, ಅಂದರೆ 50 ಲಕ್ಷದಿಂದ ನಾಲ್ಕೈದು ಕೋಟಿ ರೂಪಾಯಿವರೆಗಿನ ಸೀಡ್ ರೌಂಡ್‌ಗೆ ಹೊಂದುವ ಮಾರ್ಗದರ್ಶಿ. ಲೆಕ್ಕಗಳು ಸುಲಭವಾಗಿ ಅರ್ಥವಾಗಲಿ ಅಂತ ಒಂದು ಕಾಲ್ಪನಿಕ ಕಂಪನಿಯನ್ನು ಇಟ್ಟುಕೊಳ್ಳೋಣ. ಹಾಸನದಲ್ಲಿ ಇಬ್ಬರು ಫೌಂಡರ್‌ಗಳು ಸೇರಿ ಹಾಲು ಉತ್ಪಾದಕರ ಸಂಘಗಳಿಗೆ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತಿದ್ದಾರೆ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ಪ್ರೈವೇಟ್ ಲಿಮಿಟೆಡ್ ಕಂಪನಿ ಇರಲೇಬೇಕು. ಪಾಲುದಾರಿಕೆ ಸಂಸ್ಥೆಯಾಗಲಿ ಎಲ್‌ಎಲ್‌ಪಿಯಾಗಲಿ (ಪಾಲುದಾರರ ಹೊಣೆಗೆ ಮಿತಿ ಇರುವ ಸಂಸ್ಥೆ) ಷೇರು ಕೊಡಲು ಬರುವುದಿಲ್ಲ, ಹಾಗಾಗಿ ಫಂಡ್‌ಗಳು ಆ ಕಡೆ ತಿರುಗಿಯೂ ನೋಡುವುದಿಲ್ಲ. ಜೊತೆಗೆ ಸ್ಟಾರ್ಟಪ್ ಇಂಡಿಯಾ ಪೋರ್ಟಲ್‌ನಲ್ಲಿ ಡಿಪಿಐಐಟಿ (ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ) ಮಾನ್ಯತೆ ತೆಗೆದುಕೊಳ್ಳಿ. ಅದಕ್ಕೆ ಸರ್ಕಾರಿ ಶುಲ್ಕ ಇಲ್ಲ. ಮಾಡಿಸಿಕೊಡುತ್ತೇವೆ ಅಂತ ಸಾವಿರಾರು ರೂಪಾಯಿ ಕೇಳುವವರಿಗೆ ಸುಮ್ನೆ ಕೊಡಬೇಡಿ.

ಒಬ್ಬ ಸಿಎ, ಒಬ್ಬ ಕಂಪನಿ ಸೆಕ್ರೆಟರಿ, ಸ್ಟಾರ್ಟಪ್ ಒಪ್ಪಂದ ಮಾಡಿ ಅನುಭವ ಇರುವ ಒಬ್ಬ ವಕೀಲರು ಬೇಕು. ಜಮೀನು ವ್ಯಾಜ್ಯ ನೋಡುವ ವಕೀಲರು ಎಷ್ಟೇ ಒಳ್ಳೆಯವರಾದರೂ ಈ ಕೆಲಸಕ್ಕೆ ಆಗುವುದಿಲ್ಲ. ಬ್ಯಾಂಕಿನಲ್ಲಿ ಕನಿಷ್ಠ ಆರು ತಿಂಗಳ ಖರ್ಚಿನ ಹಣ ಇರುವಾಗಲೇ ಹೊರಡಿ. ಮೊದಲ ಭೇಟಿಯಿಂದ ಹಣ ಕೈಗೆ ಬರಲು ನಾಲ್ಕರಿಂದ ಆರು ತಿಂಗಳು ಹಿಡಿಯುವುದು ಮಾಮೂಲು.

ಹಂತ 1: ಷೇರು ಮಾರುವ ಅಗತ್ಯ ಈಗಲೇ ಇದೆಯಾ ನೋಡಿ

ಪ್ರಾಡಕ್ಟ್ ಇನ್ನೂ ಕಾಗದದ ಮೇಲಿದ್ದರೆ ಮೊದಲು ಗ್ರಾಂಟ್‌ಗೆ ಪ್ರಯತ್ನಿಸಿ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ 50 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುತ್ತದೆ, ಷೇರು ಕೇಳುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆಯಲ್ಲಿ ಐಡಿಯಾ ಸಾಬೀತುಪಡಿಸಲು 20 ಲಕ್ಷದವರೆಗೆ ಗ್ರಾಂಟ್ ಇಟ್ಟಿದ್ದಾರೆ. ಅದು ಇನ್‌ಕ್ಯುಬೇಟರ್‌ಗಳ (ಹೊಸ ಕಂಪನಿಗಳಿಗೆ ಜಾಗ, ಸಲಹೆ ಕೊಡುವ ಕೇಂದ್ರಗಳ) ಮೂಲಕ ಸಿಗುವ ಹಣ. ಎರಡರಲ್ಲೂ ಅರ್ಜಿ ತೆರೆದಿದೆಯಾ ಅಂತ ಪೋರ್ಟಲ್‌ನಲ್ಲಿ ನೋಡಿಕೊಂಡು ಮುಂದುವರಿಯಿರಿ. ಐಐಎಂ ಬೆಂಗಳೂರಿನ ಎನ್‌ಎಸ್‌ಆರ್‌ಸಿಇಎಲ್, ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಥರದ ಇನ್‌ಕ್ಯುಬೇಟರ್‌ಗಳಲ್ಲಿ ಹಣಕ್ಕಿಂತ ಮೊದಲು ಪರಿಚಯಗಳು ಸಿಗುತ್ತವೆ. ಮುಂದೆ ಅದೇ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ವೆಂಚರ್ ಫಂಡ್‌ಗಳು ತಾವೂ ಬೇರೆಯವರ ಹಣ ತಂದು, ಹೆಚ್ಚುಕಡಿಮೆ ಹತ್ತು ವರ್ಷದಲ್ಲಿ ಅದನ್ನು ಹಲವು ಪಟ್ಟು ಮಾಡಿ ವಾಪಸ್ ಕೊಡಬೇಕು. ವರ್ಷಕ್ಕೆ ಎರಡು ಕೋಟಿ ವಹಿವಾಟಿನ, ಲಾಭದಲ್ಲಿ ನಡೆಯುವ, ನಿಧಾನವಾಗಿ ಬೆಳೆಯುವ ಕಂಪನಿ ನಿಮ್ಮ ಆಸೆಯಾಗಿದ್ದರೆ ಅದು ತುಂಬ ಒಳ್ಳೆಯ ಆಸೆ. ಆದರೆ ಅದಕ್ಕೆ ಬ್ಯಾಂಕ್ ಸಾಲ, ಗ್ರಾಹಕರ ಮುಂಗಡ ಹೊಂದುತ್ತದೆ, ವೆಂಚರ್ ಹಣ ಹೊಂದುವುದಿಲ್ಲ.

ಹಂತ 2: ಷೇರು ಮತ್ತು ಕೋಡ್ ಯಾರ ಹೆಸರಿನಲ್ಲಿದೆ, ಸರಿಮಾಡಿ

ಡೆಕ್, ಅಂದರೆ ಇನ್ವೆಸ್ಟರ್‌ಗೆ ತೋರಿಸುವ ಸ್ಲೈಡ್‌ಗಳನ್ನು ಮಾಡುವ ಮುಂಚೆ ಮಾಡಬೇಕಾದ ಕೆಲಸ ಇದು. ಹೆಚ್ಚಿನವರು ಟರ್ಮ್ ಶೀಟ್ (ಹೂಡಿಕೆಯ ಮುಖ್ಯ ಷರತ್ತುಗಳ ಪತ್ರ) ಬಂದ ಮೇಲೆ ಶುರು ಮಾಡುತ್ತಾರೆ, ಅಲ್ಲೇ ಎರಡು ತಿಂಗಳು ಕಳೆದುಹೋಗುತ್ತದೆ.

ಮೊದಲು ಕ್ಯಾಪ್ ಟೇಬಲ್. ಯಾರ ಹತ್ತಿರ ಎಷ್ಟು ಷೇರು ಅಂತ ಒಂದು ಎಕ್ಸೆಲ್ ಶೀಟ್. ಎರಡು ವರ್ಷದ ಹಿಂದೆ ಬಿಟ್ಟುಹೋದ ಗೆಳೆಯನ ಹೆಸರಿನಲ್ಲಿ ಇನ್ನೂ ಶೇಕಡಾ 30 ಇದ್ದರೆ ಹೊಸ ಇನ್ವೆಸ್ಟರ್ ಅಲ್ಲೇ ನಿಲ್ಲುತ್ತಾರೆ. ಅದನ್ನು ಮಾತಾಡಿ ಬಗೆಹರಿಸಬೇಕಾದ್ದು ಈಗ. ಕೋಟಿಗಟ್ಟಲೆ ಹಣ ಬರುತ್ತಿದೆ ಅಂತ ಗೊತ್ತಾದ ಮೇಲೆ ಆ ಷೇರಿನ ಬೆಲೆಯೂ ಏರುತ್ತದೆ, ಅಲ್ವಾ? ಫೌಂಡರ್‌ಗಳ ಷೇರಿಗೂ ವೆಸ್ಟಿಂಗ್, ಅಂದರೆ ದುಡಿದ ಕಾಲಕ್ಕೆ ತಕ್ಕಂತೆ ಷೇರು ಕೈಸೇರುವ ಷರತ್ತು ಹಾಕಿಕೊಳ್ಳಿ. ನಾಲ್ಕು ವರ್ಷ, ಅದರಲ್ಲಿ ಮೊದಲ ವರ್ಷ ಕ್ಲಿಫ್ (ಆ ವರ್ಷ ಮುಗಿಯುವ ಮುಂಚೆ ಬಿಟ್ಟರೆ ಏನೂ ಸಿಗುವುದಿಲ್ಲ) ಅನ್ನುವುದು ರೂಢಿ. ಮಧ್ಯದಲ್ಲಿ ಬಿಟ್ಟುಹೋಗುವವರು ದುಡಿದಷ್ಟಕ್ಕೆ ಮಾತ್ರ ಷೇರು ಒಯ್ಯುತ್ತಾರೆ.

ಆಮೇಲೆ ಕೋಡ್. ಫ್ರೀಲ್ಯಾನ್ಸರ್ ಬರೆದ ಕೋಡ್‌ಗೆ ನೀವು ದುಡ್ಡು ಕೊಟ್ಟ ಮಾತ್ರಕ್ಕೆ ಅದು ಕಂಪನಿಯದಾಗುವುದಿಲ್ಲ. ಕಾಪಿರೈಟ್ ಲಿಖಿತವಾಗಿ ವರ್ಗಾವಣೆ ಆಗಬೇಕು. ಆ ಪತ್ರದಲ್ಲಿ ಅವಧಿ ಬರೆಯದೆ ಬಿಟ್ಟರೆ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು 5 ವರ್ಷಕ್ಕೆ ಮಾತ್ರ ಅಂತ ಲೆಕ್ಕ. ಯಾವ ದೇಶಗಳಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಂತರ್ಜಾಲದಿಂದ ಇಳಿಸಿಕೊಂಡ ಎರಡು ಸಾಲಿನ ಪತ್ರದಲ್ಲಿ ಈ ಎರಡೂ ಇರುವುದಿಲ್ಲ. "ಶಾಶ್ವತವಾಗಿ, ಪ್ರಪಂಚದಾದ್ಯಂತ" ಅನ್ನುವ ಅರ್ಥದ ಮಾತು ಪತ್ರದಲ್ಲಿ ಇರಲೇಬೇಕು.

ಐಟಿ ಕಂಪನಿಯಲ್ಲಿ ನೌಕರಿ ಮಾಡುತ್ತಲೇ ಪ್ರಾಡಕ್ಟ್ ಕಟ್ಟಿದ್ದರೆ ನಿಮ್ಮ ನೌಕರಿಯ ಕರಾರನ್ನು ತೆಗೆದು ಓದಿ. ನೌಕರಿ ಸಮಯದಲ್ಲಿ ಬರೆದ ಎಲ್ಲವೂ ಕಂಪನಿಗೆ ಸೇರಿದ್ದು ಅನ್ನುವ ಷರತ್ತು ಬಹಳ ಕಡೆ ಇರುತ್ತದೆ. ಡೊಮೇನ್, ಕ್ಲೌಡ್ ಖಾತೆ, ಪ್ಲೇ ಸ್ಟೋರ್ ಖಾತೆ ಎಲ್ಲವೂ ಫೌಂಡರ್ ಒಬ್ಬರ ಜಿಮೇಲ್‌ನಲ್ಲಿ ಇದ್ದರೆ ಕಂಪನಿಯ ಹೆಸರಿಗೆ ಬದಲಿಸಿ.

ಹಂತ 3: ಎಷ್ಟು ಹಣ ಅಂತ ಕೆಳಗಿನಿಂದ ಲೆಕ್ಕ ಹಾಕಿ

"ಒಂದೆರಡು ಕೋಟಿ ನೋಡ್ತಿದ್ದೀವಿ" ಅನ್ನುವುದು ಉತ್ತರವಲ್ಲ. ನಮ್ಮ ಹಾಸನದ ಕಂಪನಿಯ ತಿಂಗಳ ಖರ್ಚು ಹೀಗಿದೆ ಅಂದುಕೊಳ್ಳಿ. ಇಬ್ಬರು ಫೌಂಡರ್‌ಗಳಿಗೆ 1.2 ಲಕ್ಷ, ನಾಲ್ವರು ಎಂಜಿನಿಯರ್‌ಗಳಿಗೆ 3.6 ಲಕ್ಷ, ಸಂಘಗಳಿಗೆ ಓಡಾಡುವ ಮೂವರಿಗೆ 90 ಸಾವಿರ, ಸರ್ವರ್‌ಗೆ 40 ಸಾವಿರ, ಆಫೀಸ್ ಮತ್ತು ಓಡಾಟಕ್ಕೆ 60 ಸಾವಿರ, ಸಿಎ ಮತ್ತು ವಕೀಲರಿಗೆ 30 ಸಾವಿರ. ಒಟ್ಟು 7 ಲಕ್ಷ. ಬರುವ ಆದಾಯ 1 ಲಕ್ಷ. ಹಾಗಾಗಿ ತಿಂಗಳಿಗೆ 6 ಲಕ್ಷ ಕರಗುತ್ತದೆ. 18 ತಿಂಗಳಿಗೆ 1.08 ಕೋಟಿ. ಅಂದುಕೊಂಡಂತೆ ಏನೂ ನಡೆಯುವುದಿಲ್ಲವಾದ್ದರಿಂದ ಅದಕ್ಕೆ ಕಾಲುಭಾಗ ಸೇರಿಸಿ: 1.35 ಕೋಟಿ. ಸುತ್ತು ಮುಗಿಸುವ ಖರ್ಚು, ಕೊಂಚ ಸಂಬಳ ಏರಿಕೆ ಹಿಡಿದು 1.5 ಕೋಟಿ ಕೇಳಬಹುದು.

ಈಗ ಅದರ ಮುಂದೆ ಇನ್ನೊಂದು ಸಾಲು ಬರೆಯಿರಿ: ಈ 18 ತಿಂಗಳಲ್ಲಿ ಏನು ಸಾಧಿಸಿದರೆ ಮುಂದಿನ ಇನ್ವೆಸ್ಟರ್ ಬರುತ್ತಾರೆ? "40 ಸಂಘಗಳಿಂದ 400 ಸಂಘಗಳಿಗೆ, ಎಲ್ಲವೂ ದುಡ್ಡು ಕೊಡುವ ಸಂಘಗಳು" ಅನ್ನುವಷ್ಟು ನಿಖರವಾಗಿರಲಿ. ಕೇಳುವ ಮೊತ್ತಕ್ಕೂ ಈ ಸಾಲಿಗೂ ತಾಳೆಯಾಗದಿದ್ದರೆ ಮೊತ್ತ ತಪ್ಪಿದೆ.

ಹಂತ 4: ಡೆಕ್ ಮತ್ತು ಡೇಟಾ ರೂಮ್ ಒಟ್ಟಿಗೆ ಮಾಡಿ

ಡೆಕ್ ಹತ್ತು ಹನ್ನೆರಡು ಸ್ಲೈಡ್ ಸಾಕು. ಎಲ್ಲರೂ ಎಡವುವ ಸ್ಲೈಡ್ ಮಾರುಕಟ್ಟೆಯದು. "ಭಾರತದಲ್ಲಿ ಕೋಟ್ಯಂತರ ಹೈನುಗಾರರು, ಅದರಲ್ಲಿ ಶೇಕಡಾ 1 ಸಿಕ್ಕರೂ ಸಾಕು" ಅಂತ ಬರೆದರೆ ಓದುವವರು ಮುಂದಿನ ಸ್ಲೈಡ್‌ಗೆ ಹೋಗುತ್ತಾರೆ. ಅದರ ಬದಲು ಒಂದು ಸಂಘದ ಒಂದು ಬೆಳಿಗ್ಗೆಯನ್ನು ತೋರಿಸಿ. ಆರು ಗಂಟೆಗೆ ಕ್ಯಾನು ಹಿಡಿದು ಸಾಲು ನಿಂತವರು, ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಪುಸ್ತಕದಲ್ಲಿ ಕೈಯಲ್ಲೇ ಬರೆಯುವ ಕಾರ್ಯದರ್ಶಿ, ಬಟವಾಡೆ ದಿನ ತಾಳೆಯಾಗದ ಲೆಕ್ಕ. ನಿಮ್ಮ ಸಾಫ್ಟ್‌ವೇರ್ ಹಾಕಿದ ಮೇಲೆ ಅದೇ ಕಾರ್ಯದರ್ಶಿಗೆ ಎಷ್ಟು ಹೊತ್ತು ಉಳಿಯಿತು, ಸಂಘ ವರ್ಷಕ್ಕೆ ಎಷ್ಟು ಕೊಡುತ್ತದೆ, ಅಂಥ ಸಂಘಗಳು ನಿಮ್ಮ ಕೈಗೆಟುಕುವ ಜಿಲ್ಲೆಗಳಲ್ಲಿ ಎಷ್ಟಿವೆ. ಈ ಗುಣಾಕಾರವನ್ನು ಇನ್ವೆಸ್ಟರ್ ನಂಬುತ್ತಾರೆ.

ಅಂಕಿಗಳಲ್ಲಿ ಎರಡು ತಪ್ಪು ಜಾಸ್ತಿ. ಒಂದು, ಆ್ಯಪ್ ಮೂಲಕ ಹರಿದುಹೋದ ಹಣವನ್ನೆಲ್ಲ ಕಂಪನಿಯ ಆದಾಯ ಅಂತ ತೋರಿಸುವುದು. ರೈತರಿಗೆ ಹೋದ 3 ಕೋಟಿ ನಿಮ್ಮ ಆದಾಯವಲ್ಲ, ಅದರ ಮೇಲೆ ನಿಮಗೆ ಸಿಕ್ಕ ಶುಲ್ಕ ಮಾತ್ರ ನಿಮ್ಮದು. ಇನ್ನೊಂದು, ಪುಕ್ಕಟೆ ಪೈಲಟ್ ನಡೆಸುತ್ತಿರುವ ಸಂಘವನ್ನು ಗ್ರಾಹಕ ಅಂತ ಎಣಿಸುವುದು. ಡ್ಯೂ ಡಿಲಿಜೆನ್ಸ್‌ನಲ್ಲಿ (ಇನ್ವೆಸ್ಟರ್ ಕಡೆಯ ದಾಖಲೆ ಪರಿಶೀಲನೆ) ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಲೆಕ್ಕ ಹಾಕುವಾಗ ಇವೆರಡೂ ಬಯಲಾಗುತ್ತವೆ. ಆಮೇಲೆ ನಿಮ್ಮ ಸರಿಯಾದ ಅಂಕಿಗಳನ್ನೂ ನಂಬುವುದಿಲ್ಲ.

ಡೇಟಾ ರೂಮ್ ಅಂದರೆ ಒಂದು ಗೂಗಲ್ ಡ್ರೈವ್ ಫೋಲ್ಡರ್. ನೋಂದಣಿ ಪತ್ರ, ಎಂಒಎ, ಎಒಎ (ಕಂಪನಿಯ ಉದ್ದೇಶ ಮತ್ತು ಒಳನಿಯಮಗಳ ದಾಖಲೆಗಳು), ಕ್ಯಾಪ್ ಟೇಬಲ್, ಆರ್‌ಒಸಿ (ಕಂಪನಿಗಳ ರಿಜಿಸ್ಟ್ರಾರ್) ಫೈಲಿಂಗ್‌ಗಳು, ಜಿಎಸ್‌ಟಿ ಮತ್ತು ಟಿಡಿಎಸ್ ರಿಟರ್ನ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ನೌಕರರ ಮತ್ತು ಗ್ರಾಹಕರ ಕರಾರುಗಳು, ಕೋಡ್ ವರ್ಗಾವಣೆ ಪತ್ರಗಳು. ಟರ್ಮ್ ಶೀಟ್ ಆದ ಮೇಲಷ್ಟೇ ಪೂರ್ತಿ ತೆರೆದು ತೋರಿಸಿ. ಸಿದ್ಧ ಮಾತ್ರ ಈಗಲೇ ಇರಲಿ.

ಹಂತ 5: ಪಟ್ಟಿ ಮಾಡಿ, ಭೇಟಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ

ನಿಮ್ಮ ಹಂತದ, ನಿಮ್ಮ ಕ್ಷೇತ್ರದ, ನೀವು ಕೇಳುವಷ್ಟು ಮೊತ್ತ ಹಾಕುವ ನಲವತ್ತು ಐವತ್ತು ಹೆಸರು ಬೇಕು. ಏಂಜೆಲ್‌ಗಳು (ಸ್ವಂತ ಹಣ ಹಾಕುವ ವ್ಯಕ್ತಿಗಳು), ಇಂಡಿಯನ್ ಏಂಜೆಲ್ ನೆಟ್‌ವರ್ಕ್ ಥರದ ಕೂಟಗಳು, ಸೀಡ್ ಫಂಡ್‌ಗಳು, ಎಲ್ಲವೂ. ನಿಮ್ಮ ನೇರ ಪ್ರತಿಸ್ಪರ್ಧಿಗೆ ಈಗಾಗಲೇ ಹಣ ಹಾಕಿದವರನ್ನು ಪಟ್ಟಿಯಿಂದ ತೆಗೆಯಿರಿ. ನಿಮ್ಮ ಡೆಕ್ ಎಲ್ಲಿಗೆ ಹೋಗುತ್ತದೆ ಹೇಳಲಾಗದು.

ಪ್ರತಿ ಹೆಸರಿನ ಪಕ್ಕ ಯಾರು ಪರಿಚಯ ಮಾಡಿಸಬಲ್ಲರು ಅಂತ ಬರೆಯಿರಿ. ಅದೇ ಇನ್ವೆಸ್ಟರ್‌ನಿಂದ ಹಣ ಪಡೆದ ಫೌಂಡರ್ ಪರಿಚಯಿಸಿದರೆ ಅದಕ್ಕೆ ಬೆಲೆ ಜಾಸ್ತಿ. ಅದೇ ಫೌಂಡರ್ ಹತ್ತಿರ ಆ ಇನ್ವೆಸ್ಟರ್ ಕಷ್ಟಕಾಲದಲ್ಲಿ ಹೇಗೆ ನಡೆದುಕೊಂಡರು ಅಂತಲೂ ಕೇಳಿ.

ಇನ್ನು ಎಲ್ಲ ಮೊದಲ ಭೇಟಿಗಳನ್ನೂ ಮೂರ್ನಾಲ್ಕು ವಾರದೊಳಗೆ ಇಟ್ಟುಕೊಳ್ಳಿ. ತಿಂಗಳಿಗೆ ಒಬ್ಬರಂತೆ ಕೋರಮಂಗಲದಲ್ಲಿ ಕಾಫಿ ಕುಡಿದು ಬಂದರೆ ಒಬ್ಬರ ಉತ್ತರ ಬರುವಷ್ಟರಲ್ಲಿ ಇನ್ನೊಬ್ಬರ ಆಸಕ್ತಿ ಆರಿರುತ್ತದೆ. ಎರಡು ಟರ್ಮ್ ಶೀಟ್ ಒಂದೇ ವಾರ ಕೈಯಲ್ಲಿದ್ದರೆ ಮಾತ್ರ ಷರತ್ತು ಚೌಕಾಸಿ ಮಾಡಲು ಆಗುವುದು.

ಭೇಟಿಯಲ್ಲಿ ನೀವೂ ಕೇಳಿ: ಈಗ ಯಾವ ಫಂಡ್‌ನಿಂದ ಹಾಕುತ್ತಿದ್ದೀರಿ, ಹೊಸ ಕಂಪನಿಗಳಿಗೆ ಅದರಲ್ಲಿ ಹಣ ಉಳಿದಿದೆಯಾ, ತೀರ್ಮಾನ ಯಾರದ್ದು, ಎಷ್ಟು ದಿನದಲ್ಲಿ? ಇಂಗ್ಲಿಷ್‌ನಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ ಭಾಷಣ ಬಾಯಿಪಾಠ ಮಾಡಬೇಡಿ. ನಿಮ್ಮ ಹತ್ತು ಮುಖ್ಯ ಅಂಕಿಗಳನ್ನು ತಡವರಿಸದೆ ಹೇಳುವುದನ್ನು ಅಭ್ಯಾಸ ಮಾಡಿ. ತನ್ನ ಅಂಕಿ ತನಗೆ ಗೊತ್ತಿರುವ ಫೌಂಡರ್‌ನ ವ್ಯಾಕರಣವನ್ನು ಯಾರೂ ನೋಡುವುದಿಲ್ಲ. "ಚೆನ್ನಾಗಿದೆ, ಟಚ್‌ನಲ್ಲಿರೋಣ" ಅನ್ನುವುದನ್ನು ಇಲ್ಲ ಅಂತಲೇ ಬರೆದುಕೊಂಡು ಮುಂದೆ ಹೋಗಿ.

ಹಂತ 6: ಟರ್ಮ್ ಶೀಟನ್ನು ಅಂಕಿ ಹಾಕಿ ಓದಿ

ಮೊದಲು ವ್ಯಾಲ್ಯುಯೇಷನ್, ಅಂದರೆ ಕಂಪನಿಗೆ ಕಟ್ಟಿದ ಬೆಲೆ. "6 ಕೋಟಿ ವ್ಯಾಲ್ಯುಯೇಷನ್‌ಗೆ 1.5 ಕೋಟಿ" ಅಂದರೆ ಆ 6 ಕೋಟಿ ಪ್ರಿ-ಮನಿನಾ (ಹೊಸ ಹಣ ಸೇರುವ ಮುಂಚಿನ ಬೆಲೆ), ಪೋಸ್ಟ್-ಮನಿನಾ (ಸೇರಿದ ಮೇಲಿನ ಬೆಲೆ) ಅಂತ ಕೇಳಿ. ಪ್ರಿ-ಮನಿ ಆದರೆ ಒಟ್ಟು 7.5 ಕೋಟಿ, ಇನ್ವೆಸ್ಟರ್‌ಗೆ ಶೇಕಡಾ 20. ಪೋಸ್ಟ್-ಮನಿ ಆದರೆ ಅದೇ ಹಣಕ್ಕೆ ಶೇಕಡಾ 25.

ಮುಂದೆ ಇಎಸ್‌ಒಪಿ ಪೂಲ್, ಅಂದರೆ ನೌಕರರಿಗೆ ಕೊಡಲು ಎತ್ತಿಟ್ಟ ಷೇರು. ಸುತ್ತು ಮುಗಿದ ಮೇಲೆ ಶೇಕಡಾ 10 ಪೂಲ್ ಇರಬೇಕು, ಅದು ಪ್ರಿ-ಮನಿಯಲ್ಲೇ ಸೇರಿರಬೇಕು ಅಂತ ಬರೆದಿದ್ದರೆ ಆ ಶೇಕಡಾ 10 ಪೂರ್ತಿ ಫೌಂಡರ್‌ಗಳ ಪಾಲಿನಿಂದ ಹೋಗುತ್ತದೆ. ನಿಮ್ಮ ಕೈಯಲ್ಲಿ ಉಳಿಯುವುದು ಶೇಕಡಾ 70. ಅಂದರೆ ನಿಮ್ಮ ಪಾಲಿಗೆ ಸಿಕ್ಕ ಬೆಲೆ 6 ಕೋಟಿಯಲ್ಲ, 5.25 ಕೋಟಿ. ಇದು ಮೋಸವಲ್ಲ, ಚಾಲ್ತಿಯಲ್ಲಿರುವ ಪದ್ಧತಿ. ಆದರೆ ಪೂಲ್ ಎಷ್ಟಿರಬೇಕು ಅನ್ನುವುದನ್ನು ಮುಂದಿನ 18 ತಿಂಗಳ ನೇಮಕಾತಿ ಪಟ್ಟಿ ತೋರಿಸಿ ಚೌಕಾಸಿ ಮಾಡಬಹುದು.

ಲಿಕ್ವಿಡೇಶನ್ ಪ್ರಿಫರೆನ್ಸ್ (ಕಂಪನಿ ಮಾರಾಟವಾದಾಗ ಇನ್ವೆಸ್ಟರ್‌ಗೆ ಮೊದಲು ಸಿಗುವ ಹಣ) ಎಲ್ಲಕ್ಕಿಂತ ಗಮನ ಕೊಟ್ಟು ಓದಬೇಕಾದ ಸಾಲು. ಕಂಪನಿ ಮುಂದೆ 5 ಕೋಟಿಗೆ ಮಾರಾಟವಾಯಿತು ಅಂದುಕೊಳ್ಳಿ. ಒಂದು ಪಟ್ಟು, ನಾನ್-ಪಾರ್ಟಿಸಿಪೇಟಿಂಗ್ ಆಗಿದ್ದರೆ ಇನ್ವೆಸ್ಟರ್ ಹಾಕಿದ 1.5 ಕೋಟಿ ಅಥವಾ ಶೇಕಡಾ 20ರ ಪಾಲಾದ 1 ಕೋಟಿ, ಎರಡರಲ್ಲಿ ದೊಡ್ಡದನ್ನು ತೆಗೆದುಕೊಳ್ಳುತ್ತಾರೆ. ಉಳಿದ 3.5 ಕೋಟಿ ಮಿಕ್ಕವರಿಗೆ. ಪಾರ್ಟಿಸಿಪೇಟಿಂಗ್ ಆಗಿದ್ದರೆ ಮೊದಲು 1.5 ಕೋಟಿ, ಆಮೇಲೆ ಉಳಿದದ್ದರಲ್ಲೂ ಶೇಕಡಾ 20, ಅಂದರೆ 70 ಲಕ್ಷ. ಒಟ್ಟು 2.2 ಕೋಟಿ. ಒಂದೇ ಪದದ ವ್ಯತ್ಯಾಸಕ್ಕೆ 70 ಲಕ್ಷ ಕೈತಪ್ಪುತ್ತದೆ. ಒಂದು ಪಟ್ಟು, ನಾನ್-ಪಾರ್ಟಿಸಿಪೇಟಿಂಗ್ ಮೇಲೆ ಗಟ್ಟಿಯಾಗಿ ನಿಲ್ಲಿ.

ಆ್ಯಂಟಿ-ಡೈಲ್ಯೂಷನ್‌ನಲ್ಲಿ (ಮುಂದೆ ಷೇರು ಕಡಿಮೆ ಬೆಲೆಗೆ ಹೋದರೆ ಹಳೆಯ ಇನ್ವೆಸ್ಟರ್‌ಗೆ ಇರುವ ರಕ್ಷಣೆ) "ಫುಲ್ ರ‍್ಯಾಚೆಟ್" ಕಂಡರೆ ಒಪ್ಪಬೇಡಿ. ಇಂದು 100 ರೂಪಾಯಿಗೆ ಕೊಟ್ಟ ಷೇರನ್ನು ನಾಳೆ ಕಷ್ಟಕಾಲದಲ್ಲಿ ಬೆರಳೆಣಿಕೆಯಷ್ಟು 50 ರೂಪಾಯಿಗೆ ಕೊಟ್ಟರೂ ಹಳೆಯ ಇನ್ವೆಸ್ಟರ್‌ಗೆ ಎಲ್ಲವೂ 50ರ ಲೆಕ್ಕಕ್ಕೆ ಬದಲಾಗುತ್ತದೆ. "ಬ್ರಾಡ್-ಬೇಸ್ಡ್ ವೆಯ್ಟೆಡ್ ಆ್ಯವರೇಜ್" ಕೇಳಿ, ಅದರಲ್ಲಿ ಹೊಸ ಸುತ್ತಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಇನ್ವೆಸ್ಟರ್ ಒಪ್ಪಿಗೆ ಬೇಕಾದ ವಿಷಯಗಳ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಖರೀದಿಯಂಥ ದಿನನಿತ್ಯದ ಕೆಲಸ ನುಸುಳಿದ್ದರೆ ತೆಗೆಸಿ. ಬೇರೆಯವರ ಜೊತೆ ಮಾತಾಡಬಾರದು ಅನ್ನುವ ಷರತ್ತು 30ರಿಂದ 45 ದಿನಕ್ಕೆ ಮೀರದಿರಲಿ.

ಹಂತ 7: ಯಾವ ಕಾಗದದ ಮೇಲೆ ಹಣ ಬರುತ್ತದೆ

ಭಾರತದಲ್ಲಿ ಹೆಚ್ಚಿನ ಸೀಡ್ ಹಣ ಸಿಸಿಪಿಎಸ್ ರೂಪದಲ್ಲಿ ಬರುತ್ತದೆ. ಮುಂದೆ ಕಡ್ಡಾಯವಾಗಿ ಈಕ್ವಿಟಿ ಆಗುವ ಪ್ರಿಫರೆನ್ಸ್ ಷೇರು ಇದು. ಅಮೆರಿಕದ ಸೇಫ್ ಪತ್ರವನ್ನು (ಈಗ ಹಣ, ಷೇರು ಮುಂದಿನ ಸುತ್ತಿನಲ್ಲಿ ಅನ್ನುವ ಕರಾರು) ಹಾಗೇ ಇಳಿಸಿಕೊಂಡು ಇಲ್ಲಿನ ಕಂಪನಿಗೆ ಸಹಿ ಹಾಕಿಸಬೇಡಿ, ನಮ್ಮ ಕಂಪನಿ ಕಾಯ್ದೆಗೆ ಅದು ಹೊಂದುವುದಿಲ್ಲ. ಇಲ್ಲಿ ಬಳಕೆಯಲ್ಲಿರುವ ಐಸೇಫ್ ಕೂಡ ಒಳಗೆ ಸಿಸಿಪಿಎಸ್ಸೇ.

ಕನ್ವರ್ಟಿಬಲ್ ನೋಟ್‌ಗೆ (ಮುಂದೆ ಷೇರಾಗಿ ಬದಲಾಗಬಲ್ಲ ಸಾಲಪತ್ರ) ಕಂಪನಿಗೆ ಡಿಪಿಐಐಟಿ ಮಾನ್ಯತೆ ಇರಬೇಕು, ಒಬ್ಬೊಬ್ಬರೂ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಹಾಕಬೇಕು. ನೆಂಟರು, ಗೆಳೆಯರಿಂದ ಐದೈದು ಲಕ್ಷ ಕೂಡಿಸಿ ನೋಟ್ ಬರೆದುಕೊಟ್ಟರೆ ಕಾನೂನು ಅದನ್ನು ಠೇವಣಿ ಸಂಗ್ರಹ ಅಂತ ನೋಡಬಹುದು. ಇದು ತುಂಬಾ ಜನ ಮಾಡುವ ತಪ್ಪು.

ಹಂತ 8: ಹಣ ಒಳಗೆ ಬರುವ ಸರದಿ

ಇಲ್ಲಿ ಒಂದು ಮೆಟ್ಟಿಲನ್ನೂ ದಾಟಿಸಬೇಡಿ. ಕಂಪನಿ ಕಾಯ್ದೆ 2013ರ 42ನೇ ಸೆಕ್ಷನ್ ಹೇಳುವ ಖಾಸಗಿ ಹಂಚಿಕೆಯ ದಾರಿ ಇದು.

1. ಅಧಿಕೃತ ಬಂಡವಾಳ (ಕಂಪನಿ ಹೊರಡಿಸಬಹುದಾದ ಷೇರಿನ ಗರಿಷ್ಠ ಮೊತ್ತ) ಸಾಕಾ ನೋಡಿ. ಸಾಲದಿದ್ದರೆ ಮೊದಲು ಅದನ್ನು ಏರಿಸಿ. ಕೊನೆಯ ವಾರ ಇದಕ್ಕೇ ಸಿಕ್ಕಿಬೀಳುವವರು ಬಹಳ.

2. ನೋಂದಾಯಿತ ವ್ಯಾಲ್ಯುಯರ್‌ನಿಂದ ಷೇರಿನ ಬೆಲೆಯ ವರದಿ ಮಾಡಿಸಿ. 2024ರ ಜುಲೈ ಬಜೆಟ್‌ನಲ್ಲಿ ಏಂಜೆಲ್ ತೆರಿಗೆ (ಷೇರಿನ ನ್ಯಾಯಬೆಲೆ ಮೀರಿ ಬಂದ ಹಣದ ಮೇಲಿನ ತೆರಿಗೆ) ರದ್ದಾಯಿತಲ್ವಾ, ವರದಿ ಯಾಕೆ ಅಂತ ಕೇಳುತ್ತಾರೆ. ಹೋಗಿದ್ದು ಆದಾಯ ತೆರಿಗೆಯ ಒಂದು ನಿಯಮ. ಕಂಪನಿ ಕಾಯ್ದೆಯ ಅಗತ್ಯ ಹಾಗೇ ಇದೆ.

3. ಬೋರ್ಡ್ ಸಭೆ, ಆಮೇಲೆ ಷೇರುದಾರರ ಸಭೆಯಲ್ಲಿ ವಿಶೇಷ ನಿರ್ಣಯ. ಅದನ್ನು ಎಂಜಿಟಿ-14 ನಮೂನೆಯಲ್ಲಿ ಆರ್‌ಒಸಿಗೆ ಸಲ್ಲಿಸಿ.

4. ಅದಾದ ಮೇಲಷ್ಟೇ ಇನ್ವೆಸ್ಟರ್‌ಗಳ ಹೆಸರಿಗೆ ಪಿಎಎಸ್-4 ಆಫರ್ ಪತ್ರ.

5. ಹಣ ಬರಬೇಕಾದ್ದು ಇನ್ವೆಸ್ಟರ್ ಅವರ ಸ್ವಂತ ಬ್ಯಾಂಕ್ ಖಾತೆಯಿಂದ, ನೀವು ಇದಕ್ಕೆಂದೇ ತೆರೆದ ಪ್ರತ್ಯೇಕ ಖಾತೆಗೆ. ನಗದು ನಡೆಯುವುದಿಲ್ಲ. "ಅಣ್ಣನ ಖಾತೆಯಿಂದ ಹಾಕಿಸ್ತೀನಿ" ಅಂದರೆ ಬೇಡ ಅನ್ನಿ.

6. ಹಣ ಬಂದ 60 ದಿನದೊಳಗೆ ಷೇರು ಹಂಚಿಕೆ ಆಗಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ಹಣ ವಾಪಸ್. ಅದೂ ತಪ್ಪಿದರೆ 60ನೇ ದಿನ ಮುಗಿದಲ್ಲಿಂದ ಶೇಕಡಾ 12 ಬಡ್ಡಿ ಸೇರಿಸಿ ಕೊಡಬೇಕು.

7. ಹಂಚಿಕೆಯಾದ 15 ದಿನದೊಳಗೆ ಹಂಚಿಕೆಯ ವಿವರ ಇರುವ ಪಿಎಎಸ್-3 ನಮೂನೆಯನ್ನು ಆರ್‌ಒಸಿಗೆ ಸಲ್ಲಿಸಿ. ಅದನ್ನು ಸಲ್ಲಿಸುವವರೆಗೆ ಆ ಹಣದಲ್ಲಿ ಒಂದು ರೂಪಾಯಿಯನ್ನೂ ಬಳಸುವಂತಿಲ್ಲ. ಸಿಎ ಮುಟ್ಟಬೇಡಿ ಅನ್ನುವುದು ಇದಕ್ಕೇ.

8. ಷೇರಿನ ಮೇಲೆ ಶೇಕಡಾ 0.005 ಸ್ಟಾಂಪ್ ಡ್ಯೂಟಿ ಕಟ್ಟಿ. ಇನ್ವೆಸ್ಟರ್ ವಿದೇಶದವರಾಗಿದ್ದರೆ ಹಂಚಿಕೆಯಾದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ನಮೂನೆ ಸಲ್ಲಿಸಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಗೆಳೆಯರು ಹಾಕುವ ಹಣಕ್ಕೂ ಯಾವ ಖಾತೆಯಿಂದ, ಯಾವ ನಿಯಮದಡಿ ಅಂತ ಮೊದಲೇ ಸಿಎ ಹತ್ತಿರ ಕೇಳಿ.

ಒಂದು ಹಣಕಾಸು ವರ್ಷದಲ್ಲಿ ಹೀಗೆ 200ಕ್ಕಿಂತ ಜಾಸ್ತಿ ಜನರಿಗೆ ಆಫರ್ ಕೊಡುವಂತಿಲ್ಲ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ನಮ್ಮ ಕಂಪನಿಯ ಷೇರು ಕೊಳ್ಳಿ" ಅಂತ ಸಂದೇಶ ಹಾಕುವುದಂತೂ ಬೇಡವೇ ಬೇಡ. ಖಾಸಗಿ ಹಂಚಿಕೆಗೆ ಸಾರ್ವಜನಿಕ ಜಾಹೀರಾತು ನಿಷಿದ್ಧ.

ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿ

ಫಂಡಿಂಗ್ ಕೊಡಿಸುತ್ತೇವೆ, ಮೊದಲು ಪ್ರೊಸೆಸಿಂಗ್ ಫೀ ಕಟ್ಟಿ ಅನ್ನುವವರು. ನಿಜವಾದ ಸಲಹೆಗಾರರು ದೊಡ್ಡ ಪಾಲನ್ನು ಹಣ ಬಂದ ಮೇಲೆ ಕೇಳುತ್ತಾರೆ. ಹಣ ಹಾಕುವವರೇ ನಿಮ್ಮಿಂದ ಮುಂಗಡ ಕೇಳಿದರೆ ಮಾತು ಮುಗಿಸಿ. ಫಂಡ್ ಅಂತ ಹೇಳಿಕೊಂಡರೆ ಷೇರುಪೇಟೆ ನಿಯಂತ್ರಕ ಸೆಬಿಯ ವೆಬ್‌ಸೈಟಿನ ಎಐಎಫ್ (ನೋಂದಾಯಿತ ಹೂಡಿಕೆ ನಿಧಿಗಳ) ಪಟ್ಟಿಯಲ್ಲಿ ಹೆಸರು ಹುಡುಕಿ, ಎರಡೇ ನಿಮಿಷದ ಕೆಲಸ.

ಟರ್ಮ್ ಶೀಟ್‌ಗೆ ಸಹಿಯಾದ ಮೇಲೆ ಪ್ರತಿ ವಾರ ಹೊಸ ದಾಖಲೆ ಕೇಳುತ್ತ, ಕರಾರಿನ ಕರಡನ್ನು ಮಾತ್ರ ಕಳಿಸದ ಇನ್ವೆಸ್ಟರ್ ಇನ್ನೊಂದು ಲಕ್ಷಣ. ಒಪ್ಪಿದ ಬೆಲೆಯನ್ನು ಕೊನೆಯ ವಾರ ಕಾರಣ ಹೇಳದೆ ಇಳಿಸುವವರೂ ಇದ್ದಾರೆ. ಆಗ ಬೇಡ ಅನ್ನಲು ಬೇಕಾದ ಧೈರ್ಯ ಬ್ಯಾಂಕಿನಲ್ಲಿರುವ ಆರು ತಿಂಗಳ ಹಣದಿಂದ ಬರುತ್ತದೆ. ಫೌಂಡರ್‌ಗಳ ಮನೆ, ಜಮೀನಿನ ಮೇಲೆ ವೈಯಕ್ತಿಕ ಗ್ಯಾರಂಟಿ ಕೇಳಿದರೆ ಅದು ಹೂಡಿಕೆಯಲ್ಲ, ಸಾಲ. ಎಷ್ಟೇ ಒತ್ತಾಯ ಇದ್ದರೂ ಸಹಿ ಹಾಕಬೇಡಿ.

ಹಂತ 9: ಹಣ ಬಂದ ಮೊದಲ ತಿಂಗಳು

ಕರಾರಿನಲ್ಲಿ ಆಮೇಲೆ ಮಾಡಿಕೊಡುತ್ತೇವೆ ಅಂತ ಒಪ್ಪಿದ ಕೆಲಸಗಳ ಪಟ್ಟಿ ಇರುತ್ತದೆ. ಎಒಎ ತಿದ್ದುಪಡಿ, ಇನ್ವೆಸ್ಟರ್ ಕಡೆಯ ನಿರ್ದೇಶಕರ ನೇಮಕ, ಬಾಕಿ ಫೈಲಿಂಗ್‌ಗಳು. ಅವಕ್ಕೆಲ್ಲ ತಾರೀಖು ಹಾಕಿ ಮುಗಿಸಿ.

ಪ್ರತಿ ತಿಂಗಳ ಮೊದಲ ವಾರ ಇನ್ವೆಸ್ಟರ್‌ಗಳಿಗೆ ಒಂದು ಪುಟದ ಮೇಲ್ ಹೋಗಲಿ. ಬ್ಯಾಂಕಿನಲ್ಲಿ ಎಷ್ಟಿದೆ, ಎಷ್ಟು ತಿಂಗಳಿಗೆ ಸಾಕು, ಎಷ್ಟು ಹೊಸ ಸಂಘ ಸೇರಿದವು, ಎಷ್ಟು ಬಿಟ್ಟುಹೋದವು, ಎಲ್ಲಿ ಸಹಾಯ ಬೇಕು. ಕೆಟ್ಟ ಸುದ್ದಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಖಾತೆಯಲ್ಲಿ ಎಂಟೊಂಬತ್ತು ತಿಂಗಳ ಹಣ ಉಳಿದಿರುವಾಗಲೇ ಮುಂದಿನ ಸುತ್ತಿನ ಮಾತು ಶುರುವಾಗಬೇಕು. ಆಗ ಹೊಸ ಇನ್ವೆಸ್ಟರ್ ಮೊದಲು ಫೋನ್ ಮಾಡುವುದು ಹಳೆಯ ಇನ್ವೆಸ್ಟರ್‌ಗೆ, ಅವರ ಹತ್ತಿರ ಇರುವುದು ನೀವು ಕಳಿಸಿದ ಈ ಮೇಲ್‌ಗಳೇ.